ಕಬ್ಬಿಗೆ ಉಣ್ಣೆ ಹತ್ತಿದ ವರುಷ



ಕಳೆದ ತಿಂಗಳ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬನು ಗುರುನಿವಾಸದ ಜಗುಲಿಗೆ ಬಂದು ತನ್ನ ಮೊಬೈಲನ್ನು ನಮ್ಮ ಕೈಗೆ ಕೊಟ್ಟನು. ಅದರ ಪರದೆಯ ಮೇಲೆ ಅವನ ತೋಟದ ದಾಳಿಂಬೆ ಎಲೆಯ ಚಿತ್ರವಿತ್ತು. ಚಿತ್ರದ ಕೆಳಗೆ, ಇದು ತೇಲ್ಯಾ ರೋಗವಾಗಿರುವ ಸಂಭವ ಹೆಚ್ಚು ಎಂದು ಮರಾಠಿಯಲ್ಲಿ ಬರೆದು ಬಂದಿತ್ತು. ಎಲೆಯ ಫೋಟೋ ತೆಗೆದು ಕಳಿಸಿದರೆ ಕ್ಷಣಮಾತ್ರದಲ್ಲಿ ರೋಗದ ಹೆಸರು ಹೇಳುವ ಸೌಕರ್ಯವಂತೆ.

"ಫಾದರ್, ಇದು ಖರೇ ಹೇಳತೈತೋ, ಸುಮ್ಮ ಅಂದಾಜಿನ ಮ್ಯಾಲ ಹೇಳತೈತೋ? ನಮ್ಮ ಹೊಲ ಇದಕ್ಕ ಹೆಂಗ ಗೊತ್ತ?" ಎಂದು ಅವನು ಕೇಳಿದನು.

ತೇಲ್ಯಾ ಎಂಬ ಮಾತು ಕೇಳಿದರೆ ಜತ್ತ ತಾಲ್ಲೂಕಿನ ದಾಳಿಂಬೆ ಬೆಳೆಗಾರನಿಗೆ ಊಟ ಸೇರುವುದಿಲ್ಲ. ಅದು ದುಂಡಾಣುವಿನಿಂದ ಬರುವ ಅಂಗಮಾರಿ ರೋಗ. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ ಮೂಡುತ್ತದೆ, ಕಾಂಡ ಸೀಳುತ್ತದೆ, ಹಣ್ಣು ಬಿರಿಯುತ್ತದೆ. ಸಾಲ ಮಾಡಿ ಹನಿ ನೀರಾವರಿ ಹಾಕಿಸಿ, ಟ್ಯಾಂಕರ್ ನೀರು ಕೊಂಡು ಬೆಳೆಸಿದ ತೋಟವನ್ನು ಕೊನೆಗೆ ಕಿತ್ತುಹಾಕಿದವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಯುವಕನ ಪ್ರಶ್ನೆ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಅಂದು ನಮ್ಮಿಂದ ಸರಿಯಾದ ಉತ್ತರ ಹೊರಡಲಿಲ್ಲ. ಆಮೇಲೆ ಯೋಚಿಸುತ್ತ ಕುಳಿತಾಗ ನಮ್ಮ ಸಾಂಗ್ಲಿ ಜಿಲ್ಲೆಯಲ್ಲೇ ನಡೆದ ಒಂದು ಹಳೆಯ ಸಂಗತಿ ನೆನಪಿಗೆ ಬಂತು. ಅದರೊಡನೆ ಕನ್ನಡ ನಾಡಿನ ಒಬ್ಬ ವಿಜ್ಞಾನಿಯ ಹೆಸರೂ ಬಂತು. ಈ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತೇವೆ.

ಅದು 2002ನೆಯ ಇಸವಿ. ಮಳೆ ಕೈಕೊಟ್ಟಿತ್ತು. ನಾವು ಆಗ ಗುರುದೀಕ್ಷೆ ಪಡೆದು ಕೆಲವೇ ವರುಷಗಳಾಗಿದ್ದವು, ಇದೇ ಭಾಗದಲ್ಲಿ ಸಹಾಯಕ ಗುರುಗಳಾಗಿದ್ದೆವು. ನಮ್ಮ ಜನರಲ್ಲಿ ಅನೇಕ ಕುಟುಂಬಗಳು ದಸರೆ ದೀಪಾವಳಿ ಆಗುತ್ತಲೇ ಮುಕಾದಮನಿಂದ ಮುಂಗಡ ಪಡೆದು, ಟೋಳಿ ಕಟ್ಟಿಕೊಂಡು ಕೃಷ್ಣಾ ದಂಡೆಯ ಕಡೆಗೆ ಕಬ್ಬು ಕಡಿಯಲು ಹೋಗುವುದು ಇಂದಿಗೂ ನಿಂತಿಲ್ಲ. ಆ ವರುಷ ಕ್ರಿಸ್ಮಸ್ ಹಬ್ಬಕ್ಕೆಂದು ನಾಲ್ಕು ದಿನ ಊರಿಗೆ ಬಂದ ಒಬ್ಬ ಹಿರಿಯರು, "ಕಬ್ಬಿಗಿ ಕುರಿ ಉಣ್ಣಿ ಹತ್ತೈತ್ರಿ ಫಾದರ್. ಎಲಿ ಹಿಂದ ತಿರುವಿ ನೋಡಿದ್ರ ಬೆಳ್ಳಗ ಹಂಜಿ ಮೆತ್ತಿದಂಗ ಕಾಣತೈತಿ. ಕಡಿಯೂಮುಂದ ಮೈಗೆಲ್ಲಾ ಅಂಟತೈತಿ, ಕೊಯ್ತಾ ಕೈಯಾಗ ನಿಲ್ಲೂದಿಲ್ಲ" ಎಂದರು. ನಾವು ನಕ್ಕೆವು. ನಗುವ ವಿಷಯವಾಗಿರಲಿಲ್ಲ.

ಅದು ಕಬ್ಬಿನ ಬಿಳಿ ಉಣ್ಣೆಹೇನು. ಮರಾಠಿ ರೈತರು ಲೋಕರೀ ಮಾವಾ ಎಂದರು. ಜೀವಶಾಸ್ತ್ರಜ್ಞರು ಇಟ್ಟ ಹೆಸರು ಸೆರಟೋವ್ಯಾಕುನಾ ಲ್ಯಾನಿಜೆರಾ. ಜಾವಾ ದ್ವೀಪದಿಂದ 19ನೆಯ ಶತಮಾನದ ಕೊನೆಯಲ್ಲಿ ಮೊದಲು ವರ್ಣಿತವಾದ ಈ ಕೀಟ ನಮ್ಮ ದೇಶದ ಪೂರ್ವ ಮತ್ತು ಈಶಾನ್ಯ ಭಾಗಗಳಲ್ಲಿ ಹಿಂದಿನಿಂದಲೂ ಇತ್ತು. ಅಲ್ಲಿ ಅದು ಅಷ್ಟೇನೂ ಹಾವಳಿ ಮಾಡಿರಲಿಲ್ಲ. 2002ರ ಜುಲೈ ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ನಮ್ಮ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಅದೇ ವರುಷ ಗಡಿ ದಾಟಿ ಉತ್ತರ ಕರ್ನಾಟಕದ ಕಬ್ಬಿಗೂ ಹತ್ತಿತು. ಈ ಹೇನಿಗೆ ಸಂತಾನ ಬೆಳೆಸಲು ಗಂಡಿನ ಅಗತ್ಯವಿಲ್ಲ. ಹೆಣ್ಣು ಹೆಣ್ಣನ್ನೇ ಮರಿ ಹಾಕುತ್ತ ಹೋಗುತ್ತದೆ. ಎಲೆಯ ಬೆನ್ನಿಗೆ ಕುಳಿತು ರಸ ಹೀರುತ್ತದೆ. ಅದು ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಸುರಿದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಎಲೆಗೆ ಬಿಸಿಲು ತಾಕದಂತಾಗುತ್ತದೆ. ಕಬ್ಬು ಸೊರಗುತ್ತದೆ, ಸಕ್ಕರೆ ಇಳಿಯುತ್ತದೆ. ರೆಕ್ಕೆ ಮೂಡಿದ ಹೇನುಗಳು ಗಾಳಿಯಲ್ಲಿ ಹೋಗುತ್ತವೆ. ಉಳಿದವು ಬಿತ್ತನೆಯ ಕಬ್ಬಿನ ಜೊತೆ, ಎತ್ತಿನ ಮೇವಿಗೆಂದು ಕಟ್ಟಿ ತರುವ ಸೋಗೆಯ ಜೊತೆ ಊರಿಂದ ಊರಿಗೆ ಹೋಗುತ್ತವೆ. ಆ ಬರದ ವರುಷ ಸೋಗೆಗೆ ಚಿನ್ನದ ಬೆಲೆ. ಯಾರು ಬಿಟ್ಟಾರು? ನಮ್ಮ ಊರಿನ ಗಾಡಿಗಳೂ ಅದನ್ನು ಹೇರಿಕೊಂಡು ಬಂದವು.

ಇಲ್ಲಿ ಆರೋಗ್ಯದ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಗಾಬರಿಗೊಂಡ ರೈತರು ಸಿಕ್ಕ ಸಿಕ್ಕ ಔಷಧಿ ಹೊಡೆದರು. ಆಳೆತ್ತರಕ್ಕೆ ಬೆಳೆದ ಕಬ್ಬಿನ ಎಲೆಯ ಬೆನ್ನಿಗೆ ಔಷಧಿ ಮುಟ್ಟಿಸಬೇಕಾದರೆ ಕೈಪಂಪಿನ ಕೋಲನ್ನು ತಲೆಯ ಮೇಲಕ್ಕೆ ಹಿಡಿಯಬೇಕು. ಹೊಡೆದದ್ದರಲ್ಲಿ ಅರ್ಧ ಹೊಡೆಯುವವನ ಮುಖದ ಮೇಲೇ ಬೀಳುತ್ತದೆ. ನಮಗೆ ಪರಿಚಯವಿದ್ದ ಒಬ್ಬ ಗೃಹಸ್ಥರು ಹೀಗೆ ಇಡೀ ದಿನ ಹೊಡೆದು ಸಂಜೆ ಬದುವಿನ ಮೇಲೆ ಕುಸಿದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿತ್ತು. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ದೇವರ ದಯೆ, ಉಳಿದರು. ಇಂಥ ಲಕ್ಷಣ ಕಂಡರೆ ಮೊದಲು ಬಟ್ಟೆ ಕಳಚಿ ಸಾಬೂನು ಹಚ್ಚಿ ಮೈ ತೊಳೆಯಿರಿ. ತೊಳೆಯುವವರೂ ಕೈಗೆ ರಬ್ಬರ್ ಚೀಲವನ್ನೋ ಪ್ಲಾಸ್ಟಿಕ್ಕನ್ನೋ ಸುತ್ತಿಕೊಳ್ಳಲಿ. ವಾಂತಿ ಮಾಡಿಸಲು ಹೋಗಬೇಡಿ. ಔಷಧಿಯ ಡಬ್ಬಿಯನ್ನು ಚೀಟಿ ಸಮೇತ ವೈದ್ಯರ ಬಳಿಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ಅವರು ಕೊಡುವ ಪ್ರತಿವಿಷ ತಪ್ಪುವುದಿಲ್ಲ.

ಹೀಗೆ ನಾವು ಕಬ್ಬಿನ ಗದ್ದೆಗಳಲ್ಲಿ ಒದ್ದಾಡುತ್ತಿದ್ದಾಗ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕೆಲವರು ಗಣಕಯಂತ್ರದ ಮುಂದೆ ಕುಳಿತು ಒಂದು ನಕ್ಷೆ ಬರೆಯುತ್ತಿದ್ದರು. ಈ ಹೇನು ಮುಂದೆ ಎಲ್ಲಿಗೆ ಹೋದೀತು ಎಂಬ ನಕ್ಷೆ ಅದು. ಕೃಷಿ ವಿಶ್ವವಿದ್ಯಾಲಯದ ಡಾ. ಕೆ. ಎನ್. ಗಣೇಶಯ್ಯನವರು, ನಾರಾಯಣಿ ಬರ್ವೆ, ಕೆ. ಚಂದ್ರಶೇಖರ, ಆರ್. ಉಮಾಶಂಕರ್ ಮೊದಲಾದವರ ಜೊತೆಗೂಡಿ ಮಾಡಿದ ಈ ಕೆಲಸ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 2003ರಲ್ಲಿ ಅಚ್ಚಾಯಿತು. ಸಾಂಗ್ಲಿಯ ಹೆಸರು ಹೊತ್ತ ಪಿಡುಗಿನ ಮೇಲೆ ಅಂಥ ಒಂದು ಲೇಖನ ಬಂದಿದೆಯೆಂದು ನಮಗೆ ತಿಳಿದದ್ದು ಎಷ್ಟೋ ವರುಷಗಳ ಮೇಲೆ. ಇದು ನಮ್ಮ ದೌರ್ಭಾಗ್ಯ. ಗಡಿಯ ಈಚೆಗಿನ ಕನ್ನಡಿಗರಿಗೆ ಪುಣೆಯ ಸುದ್ದಿ ಮರಾಠಿಯಲ್ಲಿ ತಡವಾಗಿ ಬರುತ್ತದೆ, ಬೆಂಗಳೂರಿನ ಸುದ್ದಿ ಬರುವುದೇ ಇಲ್ಲ.

ಆ ನಕ್ಷೆಯನ್ನು ಹೇಗೆ ಬರೆದರು ಎಂಬುದನ್ನು ತಿಳಿದುಕೊಂಡರೆ ನಮ್ಮ ಯುವಕನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಇಂದು ಯಂತ್ರಕಲಿಕೆ, ಕೃತಕ ಬುದ್ಧಿಮತ್ತೆ ಎಂದು ಎಲ್ಲರ ಬಾಯಲ್ಲಿ ಇರುವುದರ ಒಂದು ಹಿಂದಿನ ರೂಪವೇ ಅದು. ಅವರು ಬಳಸಿದ ಕ್ರಮದ ಹೆಸರು ಗಾರ್ಪ್. ಡೇವಿಡ್ ಸ್ಟಾಕ್‌ವೆಲ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ರೂಪಿಸಿದ್ದು. ಮೊದಲು, ಕೀಟ ಎಲ್ಲೆಲ್ಲಿ ನಿಜವಾಗಿ ಕಂಡಿದೆ ಎಂಬ ಊರುಗಳ ಪಟ್ಟಿಯನ್ನು ಅಕ್ಷಾಂಶ ರೇಖಾಂಶ ಸಮೇತ ಯಂತ್ರಕ್ಕೆ ಕೊಡುತ್ತಾರೆ. ಅದರ ಜೊತೆಗೆ ಆಯಾ ಸ್ಥಳದ ಮಳೆ, ಉಷ್ಣತೆ ಮುಂತಾದ ಹವಾಮಾನದ ಲೆಕ್ಕ. ಯಂತ್ರ ಇವೆರಡನ್ನೂ ನೋಡಿ ತನ್ನಷ್ಟಕ್ಕೆ ಕೆಲವು ನಿಯಮಗಳನ್ನು ಕಟ್ಟುತ್ತದೆ. ಇಷ್ಟರಿಂದ ಇಷ್ಟರವರೆಗೆ ಮಳೆ, ಇಷ್ಟು ಸೆಖೆ ಇದ್ದಲ್ಲಿ ಹೇನು ಇರುತ್ತದೆ, ಇಲ್ಲದಲ್ಲಿ ಇರುವುದಿಲ್ಲ, ಎಂಬಂಥ ನಿಯಮಗಳು. ಮೊದಲು ಕಟ್ಟಿದ ನಿಯಮಗಳು ಒರಟು. ಆದರೆ ಯಂತ್ರ ಅಲ್ಲಿಗೆ ನಿಲ್ಲುವುದಿಲ್ಲ. ಎರಡು ನಿಯಮಗಳನ್ನು ಕೂಡಿಸಿ ಮೂರನೆಯದನ್ನು ಹುಟ್ಟಿಸುತ್ತದೆ. ಒಂದರಲ್ಲಿ ಚೂರು ಬದಲಾಯಿಸಿ ನೋಡುತ್ತದೆ. ಪ್ರತಿ ಬಾರಿಯೂ, ಪಕ್ಕಕ್ಕೆ ತೆಗೆದಿಟ್ಟ ಕೆಲವು ಊರುಗಳ ಮೇಲೆ ಆ ನಿಯಮವನ್ನು ಪರೀಕ್ಷೆಗೆ ಒಡ್ಡುತ್ತದೆ. ಸರಿಯಾಗಿ ಹೇಳಿದ ನಿಯಮ ಉಳಿಯುತ್ತದೆ, ತಪ್ಪಿದ್ದು ಸಾಯುತ್ತದೆ. ಹೀಗೆ ನೂರಾರು ತಲೆಮಾರು ನಡೆದ ಮೇಲೆ ಉಳಿದ ನಿಯಮಗಳನ್ನು ಇಡೀ ದೇಶದ ನಕ್ಷೆಯ ಮೇಲೆ ಹಾಸಿದರೆ, ಕೀಟ ಇನ್ನೂ ಕಾಲಿಡದ ಆದರೆ ಇಡಬಹುದಾದ ಜಾಗಗಳು ಬಣ್ಣ ಪಡೆಯುತ್ತವೆ.

ಓದುಗರಲ್ಲಿ ರೈತರಿದ್ದವರಿಗೆ ಇದು ಹೊಸದೆನಿಸಲಿಕ್ಕಿಲ್ಲ. ಎರಡು ತಳಿ ಕೂಡಿಸುವುದು, ಹುಟ್ಟಿದ್ದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳುವುದು, ಮತ್ತೆ ಕೂಡಿಸುವುದು. ಜೋಳದ ತೆನೆ ಆರಿಸಿ ಬೀಜಕ್ಕೆ ಇಡುವ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದೇ. ಗಣೇಶಯ್ಯನವರು ಮೂಲತಃ ಸಸ್ಯ ತಳಿವಿಜ್ಞಾನದ ವಿಭಾಗದವರು. ಗಣಕಯಂತ್ರದೊಳಗೆ ನಿಯಮಗಳ ತಳಿ ಬೆಳೆಸುವ ಕ್ರಮ ಅವರಿಗೆ ಪರಕೀಯವಾಗಿ ಕಂಡಿರಲಾರದು ಎಂದು ನಮ್ಮ ಊಹೆ.

ಈ ಮನುಷ್ಯನ ದಾರಿಯೇ ವಿಚಿತ್ರ. ಒಂದು ವಿಷಯ ಹಿಡಿದು ಅದರಲ್ಲೇ ಕೂದಲು ನರೆಸಿಕೊಳ್ಳುವುದು ವಿದ್ವಾಂಸರ ಸಾಮಾನ್ಯ ಪದ್ಧತಿ. ನಮ್ಮ ಗುರುಮಠದಲ್ಲೂ ತತ್ತ್ವಶಾಸ್ತ್ರದ ಅಧ್ಯಾಪಕರು ಇತಿಹಾಸದ ಪುಸ್ತಕ ಮುಟ್ಟಿದ್ದನ್ನು ನಾವು ನೋಡಲಿಲ್ಲ. ಗಣೇಶಯ್ಯನವರು ಮತ್ತು ಅವರ ಬಹುಕಾಲದ ಜೊತೆಗಾರರಾದ ಬೆಳೆ ಶರೀರಶಾಸ್ತ್ರ ವಿಭಾಗದ ಉಮಾಶಂಕರ್ ಅವರು 1980ರ ದಶಕದಲ್ಲಿ ಕೈಗೆತ್ತಿಕೊಂಡದ್ದು ಒಂದು ಮಗುವಿನ ಪ್ರಶ್ನೆ. ಹೂವಿನ ಗರ್ಭದಲ್ಲಿ ಅಷ್ಟೊಂದು ಬೀಜಾಂಡಗಳಿದ್ದರೂ ಎಷ್ಟೋ ಮರಗಳ ಕಾಯಿಯಲ್ಲಿ ಒಂದೇ ಬೀಜ ಏಕೆ?

ಶಿಸಂ ಮರದ ಕಾಯಿ ನೋಡಿದ್ದೀರಿ. ಕಾಗದದಷ್ಟು ತೆಳ್ಳಗೆ, ಗಾಳಿಗೆ ಹಾರುವಂಥದು. ಒಳಗೆ ಹಲವು ಬೀಜಾಂಡಗಳಿದ್ದರೂ ಬಹುತೇಕ ಕಾಯಿಗಳಲ್ಲಿ ಒಂದು ಬೀಜ ಮಾತ್ರ ಬಲಿಯುತ್ತದೆ. ತಾಯಿ ಮರಕ್ಕೆ ಆಹಾರ ಸಾಲದೆ ಉಳಿದವು ಬತ್ತುತ್ತವೆ ಎಂದು ತಿಳಿಯುವುದು ಸಹಜ. ಇವರು ಕಂಡದ್ದು ಬೇರೆ. ಮೊದಲು ಗರ್ಭಧರಿಸಿದ ಬೀಜವು ಒಂದು ರಸವನ್ನು ಬಿಟ್ಟು ತನ್ನ ಒಡಹುಟ್ಟಿದವರನ್ನು ಕೊಲ್ಲುತ್ತದೆ! ಒಂದೇ ಬೀಜವಿದ್ದರೆ ಕಾಯಿ ಹಗುರ, ದೂರ ಹಾರುತ್ತದೆ. ಹಾರುವವನಿಗೆ ಲಾಭ, ಸತ್ತವರಿಗೆ ನಷ್ಟ, ತಾಯಿಗೆ ಎರಡೂ. ನೇರಳೆ ಹಣ್ಣಿನಲ್ಲಿಯೂ ಇಂಥದೇ ಕಥೆ. ತಾಯಿ ಮತ್ತು ಮಕ್ಕಳ ನಡುವೆ, ಮಕ್ಕಳು ಮಕ್ಕಳ ನಡುವೆ ಗಿಡಗಳಲ್ಲೂ ಜಗಳವಿದೆ ಎಂಬ ಇವರ ವಾದ 1988ರಲ್ಲಿ, ಕಮಲ್ಜಿತ್ ಬಾವಾ ಅವರೊಡನೆ ಕೂಡಿ ಬರೆದ ದೀರ್ಘ ಪ್ರಬಂಧವಾಗಿ ಅಮೆರಿಕದ ಪ್ರತಿಷ್ಠಿತ ವಾರ್ಷಿಕ ಸಂಪುಟವೊಂದರಲ್ಲಿ ಪ್ರಕಟವಾಯಿತು. ಕಾಯಿನ ಮತ್ತು ಆಬೇಲನ ಕಥೆ ಓದುವಾಗ ನಮಗೆ ಈಗ ಶಿಸಂ ಕಾಯಿ ನೆನಪಾಗುತ್ತದೆ. ನೇರಳೆ ಹಣ್ಣು ತಿನ್ನುವಾಗಲೂ ಅಷ್ಟೇ.

ಬೀಜದಿಂದ ಇರುವೆಗೆ. ಗೆದ್ದಲು ಬೇಟೆಗೆ ಸಾಲುಗಟ್ಟಿ ಹೊರಡುವ ಒಂದು ಜಾತಿಯ ಕಪ್ಪು ಇರುವೆಗಳ ದಾರಿ ಮರದ ಕೊಂಬೆಯಂತೆ ಕವಲೊಡೆಯುತ್ತದೆ. ಏಕೆ ಹೀಗೆ ಎಂದು ಟಿ. ವೀಣಾ ಅವರೊಡನೆ ಅಳೆದು ನೋಡಿ 1991ರಲ್ಲಿ ಬರೆದರು. ಗೂಡಿನಿಂದ ಚದುರಿದ ಬೇಟೆಯ ತಾಣಗಳನ್ನು ಕಡಿಮೆ ಶ್ರಮದಲ್ಲಿ ಮುಟ್ಟಲು ಯಾವ ಆಕಾರದ ದಾರಿ ಒಳ್ಳೆಯದು ಎಂಬುದು ಗಣಿತದ ಲೆಕ್ಕ, ಇರುವೆ ಅದನ್ನು ಕಾಗದ ಪೆನ್ಸಿಲ್ಲಿಲ್ಲದೆ ಮಾಡಿದೆ. ಬೀಜ, ಇರುವೆ, ಕಾಡು, ನಕ್ಷೆ ಎಂದು ಹೀಗೆ ದಾಟುತ್ತ ಹೋಗುವವರನ್ನು ಕಂಡರೆ ನಮಗೆ ಬ್ರುನೋ ನಗರದ ಮಠದ ಗುರು ಗ್ರೆಗೋರ್ ಮೆಂಡಲ್ ನೆನಪಾಗುತ್ತಾರೆ. 1866ರಲ್ಲಿ ಅಚ್ಚಾದ ಅವರ ಬಟಾಣಿಯ ಲೆಕ್ಕ ಎಲ್ಲರಿಗೂ ಗೊತ್ತು. ಅವರು ಜೇನು ಸಾಕುತ್ತಿದ್ದರು, ಮಳೆ ಗಾಳಿಯ ದಾಖಲೆ ಇಡುತ್ತಿದ್ದರು ಎಂಬುದು ಅನೇಕರಿಗೆ ಗೊತ್ತಿಲ್ಲ. ದಿನವೂ ಬರೆದಿಡುವ ಅಭ್ಯಾಸ ಇದ್ದವನಿಗೇ ಲೆಕ್ಕ ಒಲಿಯುವುದು.

ಇನ್ನು ಜೈವಿಕ ತಂತ್ರಜ್ಞಾನದ ವಿಷಯ. ಇದು ನಮ್ಮ ಆರೋಗ್ಯದ ಅಂಕಣಕ್ಕೂ ಸೇರಿದ್ದು. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿಗೆ ಕೆಲವು ವರುಷಗಳ ಹಿಂದೆ ಕರುಳಿನ ಕ್ಯಾನ್ಸರ್ ಆಯಿತು. ಸಲೈನ್ ಬಾಟಲಿಯಲ್ಲಿ ಕೊಟ್ಟ ಔಷಧಿಗಳಲ್ಲಿ ಒಂದರ ಹೆಸರು ಇರಿನೋಟೆಕಾನ್ ಎಂದು ವೈದ್ಯರು ಬರೆದುಕೊಟ್ಟಿದ್ದರು. ಇದರ ಮೂಲ ಕ್ಯಾಂಪ್ಟೋಥೆಸಿನ್ ಎಂಬ ವಸ್ತು. ಚೀನಾದ ಒಂದು ಮರದಿಂದ ಅದನ್ನು ಬೇರ್ಪಡಿಸಿದ ಸುದ್ದಿಯನ್ನು ಅಮೆರಿಕದ ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದರು. ಅದೇ ವಸ್ತು ನಮ್ಮ ಸಹ್ಯಾದ್ರಿಯ ಒಂದು ಚಿಕ್ಕ ಮರದಲ್ಲಿಯೂ ಹೇರಳವಾಗಿದೆ ಎಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಆ ಮರಕ್ಕೆ ಮರಾಠಿಯಲ್ಲಿ ನರಕ್ಯಾ ಎಂದು ಹೆಸರು. ಅದರ ದುರ್ನಾತಕ್ಕಾಗಿ ಬಂದ ಹೆಸರು. ನೊಥಾಪೊಡೈಟಿಸ್ ಎಂಬುದು ಶಾಸ್ತ್ರದ ಹೆಸರು.

ಔಷಧಿಗೆ ಬೆಲೆ ಬಂದ ಕೂಡಲೆ ಮರಕ್ಕೆ ಕೊಡಲಿ ಬಂತು. ಕೊಲ್ಹಾಪುರ, ಸಿಂಧುದುರ್ಗದ ಕಡೆಯ ಕಾಡುಗಳಿಂದ ನರಕ್ಯಾ ಕದ್ದು ಸಾಗಿಸಿದ ಸುದ್ದಿಗಳನ್ನು ಮರಾಠಿ ಪತ್ರಿಕೆಗಳಲ್ಲಿ ಓದಿದವರಿರಬಹುದು. ಹೀಗೆ ಕಡಿಯುತ್ತ ಹೋದರೆ ನಾಳೆಯ ರೋಗಿಗೆ ಏನು? ಉಮಾಶಂಕರ್, ಗಣೇಶಯ್ಯ, ರವಿಕಾಂತ್, ಮತ್ತು ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಾಸುದೇವ ಮೊದಲಾದವರು ಸಹ್ಯಾದ್ರಿಯ ಉದ್ದಕ್ಕೂ ಈ ಮರದ ಮಾದರಿಗಳನ್ನು ಕೂಡಿಸಿ, ಎಲ್ಲಿಯ ಮರದಲ್ಲಿ ಔಷಧಿಯ ಅಂಶ ಹೆಚ್ಚು, ಎಲ್ಲಿ ಕಡಿಮೆ ಎಂದು ಅಳೆದರು. ಹೆಚ್ಚು ಅಂಶದ ಮರ ಗೊತ್ತಾದರೆ ಅದರ ಸಸಿ ಬೆಳೆಸಬಹುದು, ಕಾಡಿಗೆ ಕೊಡಲಿ ಬೇಕಿಲ್ಲ. ಇದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದು. ಇಂಥ ಮರಗಳ ಒಡಲಲ್ಲಿ, ಮರಕ್ಕೆ ಕೆಡುಕು ಮಾಡದೆ ವಾಸಿಸುವ ಶಿಲೀಂಧ್ರಗಳಿವೆ. ಅವುಗಳಲ್ಲಿ ಕೆಲವು ತಾವೇ ಕ್ಯಾಂಪ್ಟೋಥೆಸಿನ್ ತಯಾರಿಸುತ್ತವೆ! ಬೇರೆ ಕಡೆಯ ವಿಜ್ಞಾನಿಗಳು ಮೊದಲು ಕಂಡ ಈ ಸಂಗತಿಯನ್ನು ಬೆಂಗಳೂರಿನ ತಂಡವೂ 2010ರಲ್ಲಿ ಹತ್ತಿರದ ಇನ್ನೊಂದು ಮರದ ಶಿಲೀಂಧ್ರದಲ್ಲಿ ತೋರಿಸಿತು. ಹಾಲಿಗೆ ಹೆಪ್ಪು ಹಾಕಿದಂತೆ ದೊಡ್ಡ ಪಾತ್ರೆಯಲ್ಲಿ ಶಿಲೀಂಧ್ರ ಬೆಳೆಸಿ ಔಷಧಿ ತೆಗೆದರಾಯಿತು, ಮರದ ಗೊಡವೆಯೇ ಬೇಡ ಎಂದು ಎಲ್ಲರಿಗೂ ಆಸೆ ಹುಟ್ಟಿತು.

ಆದರೆ ಶಿಲೀಂಧ್ರ ಒಪ್ಪಲಿಲ್ಲ. ಮರದಿಂದ ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ತಲೆಮಾರಿನ ಮೇಲೆ ತಲೆಮಾರು ಬೆಳೆಸುತ್ತ ಹೋದಂತೆ ಅದು ಔಷಧಿ ಮಾಡುವುದನ್ನು ಕಡಿಮೆ ಮಾಡುತ್ತ ಬಂತು. ಇದೇ ತಂಡ ಆ ನಿರಾಶೆಯನ್ನೂ ಮುಚ್ಚಿಡದೆ ಅದೇ ವರುಷ ಪ್ರಕಟಿಸಿತು. ಮರದ ಒಡಲಲ್ಲಿ ಅದಕ್ಕೆ ಏನು ಸಿಗುತ್ತಿತ್ತೋ ಅದು ತಟ್ಟೆಯಲ್ಲಿ ಸಿಗಲಿಲ್ಲ. ತವರು ಬಿಟ್ಟ ಸೊಸೆ ಹಾಡು ಮರೆತಂತೆ. ಗೆದ್ದ ಸುದ್ದಿಯನ್ನು ಎಲ್ಲರೂ ಬರೆಯುತ್ತಾರೆ, ಸೋತ ಸುದ್ದಿಯನ್ನು ಬರೆದವರ ಮೇಲೆ ನಮಗೆ ಹೆಚ್ಚು ನಂಬಿಕೆ.

ಗಣೇಶಯ್ಯನವರು ಅಲ್ಲಿಗೂ ನಿಲ್ಲಲಿಲ್ಲ. ಪಶ್ಚಿಮ ಘಟ್ಟದ ಗಿಡಮರಗಳ ಹೆಸರು, ಇರುವ ಸ್ಥಳ ಎಲ್ಲವನ್ನೂ ಗಣಕಯಂತ್ರದಲ್ಲಿ ಕೂಡಿಹಾಕಿದ 'ಸಸ್ಯ ಸಹ್ಯಾದ್ರಿ' 2003ರಲ್ಲಿ ಹೊರಬಂತು. ದೇಶದ ಜೀವಸಂಪತ್ತಿನ ಪಟ್ಟಿಯಾದ 'ಜೀವಸಂಪದ'ದಲ್ಲೂ ಅವರ ದುಡಿಮೆ ಇದೆ. ಇಷ್ಟೆಲ್ಲ ಮಾಡಿ ಕಾದಂಬರಿ ಬೇರೆ ಬರೆದರು. 'ಕನಕ ಮುಸುಕು', 'ಕರಿಸಿರಿಯಾನ', 'ಬಳ್ಳಿಕಾಳ ಬೆಳ್ಳಿ' ಮುಂತಾದ ಅವರ ಪುಸ್ತಕಗಳು ಕನ್ನಡ ಓದುಗರಿಗೆ ಚಿರಪರಿಚಿತ. ನಿಜ ಹೇಳಬೇಕೆಂದರೆ ನಾವೂ ಮೊದಲು ಅವರನ್ನು ಕಾದಂಬರಿಕಾರರೆಂದೇ ತಿಳಿದಿದ್ದೆವು. ಬಸ್ಸಿನಲ್ಲಿ ಓದಲು ಕೊಂಡ ಪುಸ್ತಕದ ಬೆನ್ನ ಮೇಲಿನ ಪರಿಚಯ ಓದಿ, ಇವರು ವಿಜ್ಞಾನಿಯೂ ಹೌದೇ ಎಂದು ಬೆರಗಾಗಿ, ಅಲ್ಲಿಂದ ಹುಡುಕುತ್ತ ಹೋದಾಗ ಉಣ್ಣೆಹೇನಿನ ಲೇಖನ ಕೈಗೆ ಸಿಕ್ಕಿತು.

ಮತ್ತೆ ಉಣ್ಣೆಹೇನಿಗೆ ಬರೋಣ. ನಕ್ಷೆ ಹೇಳಿದ್ದೇನೆಂದರೆ, ಈ ಈ ಕಡೆಯ ಹವಾಮಾನ ಹೇನಿಗೆ ಒಗ್ಗುತ್ತದೆ, ಎಚ್ಚರವಾಗಿರಿ, ಎಂದು. ಎಚ್ಚರಿಕೆ ಸಾರ್ಥಕವಾಯಿತೆಂದೇ ಹೇಳಬೇಕು, ಯಾಕೆಂದರೆ ಬೆಳೆ ಬರುವ ಮೊದಲೇ ಎಲ್ಲಿ ಕಣ್ಣಿಡಬೇಕು ಎಂದು ತಿಳಿಯುವುದು ಸಣ್ಣ ಮಾತಲ್ಲ. ಆದರೆ ನಕ್ಷೆಗೆ ಕೊಟ್ಟದ್ದು ಮಳೆ ಮತ್ತು ಸೆಖೆ. ಹೇನನ್ನು ತಿನ್ನುವವರು ಯಾರು ಎಂಬುದನ್ನು ಅದಕ್ಕೆ ಯಾರೂ ಕೊಟ್ಟಿರಲಿಲ್ಲ. ಹಾಗಾಗಿ ಅದಕ್ಕೆ ಅದು ಗೊತ್ತಿರಲಿಲ್ಲ.

ತಿನ್ನುವವರು ಬಂದರು. ಡೈಫಾ ಎಂಬ ಒಂದು ಪತಂಗದ ಮರಿಹುಳು ಉಣ್ಣೆಯ ನಡುವೆಯೇ ಬಲೆ ಹೆಣೆದುಕೊಂಡು ಹೇನುಗಳನ್ನು ಕಬಳಿಸತೊಡಗಿತು. ಮೈಕ್ರೋಮಸ್ ಎಂಬ ಕಂದು ಬಣ್ಣದ ಜಾಲರೆಕ್ಕೆಯ ಕೀಟದ ಮರಿಗಳೂ ಸೇರಿಕೊಂಡವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇವುಗಳನ್ನು ಸಾಕಿ ಹೆಚ್ಚಿಸಿ ರೈತರಿಗೆ ಹಂಚಿದರು. ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆಯವರು, ಈಶಾನ್ಯದಲ್ಲಿ ಈ ಹೇನನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಎನ್ಕಾರ್ಸಿಯಾ ಎಂಬ ಅತಿ ಚಿಕ್ಕ ಕಣಜವನ್ನು ಅಸ್ಸಾಮಿನಿಂದ ತಂದು ಬಿಟ್ಟರು. ಅದು ಹೇನಿನ ಹೊಟ್ಟೆಯಲ್ಲೇ ಮೊಟ್ಟೆಯಿಡುತ್ತದೆ. ಡೈಫಾ ಹುಳುವಿರುವ ಎಲೆಗಳನ್ನು ಕತ್ತರಿಸಿ ಮತ್ತೊಬ್ಬರ ಹೊಲದ ಕಬ್ಬಿಗೆ ಕಟ್ಟಿ ಬರುವುದನ್ನು ರೈತರು ಬೇಗ ಕಲಿತರು. ಕೆಲವೇ ವರುಷಗಳಲ್ಲಿ ಉಣ್ಣೆಹೇನಿನ ಹೆಸರು ಹಳತಾಯಿತು. ಇಂದಿಗೂ ಅಲ್ಲಲ್ಲಿ ಕಾಣುತ್ತದೆ, ಆದರೆ ಅಂದಿನ ಅಬ್ಬರ ಇಲ್ಲ. ಔಷಧಿ ಹೊಡೆದು ಬದುವಿನ ಮೇಲೆ ಬಿದ್ದ ನಮ್ಮ ಗೃಹಸ್ಥರು ಹೊಡೆದದ್ದರಲ್ಲಿ ಹೇನಿಗಿಂತ ಹೆಚ್ಚಾಗಿ ಡೈಫಾ ಸತ್ತಿರಬೇಕು.

ಈಗ ನಮ್ಮ ಯುವಕನ ಮೊಬೈಲಿಗೆ. 2003ರಲ್ಲಿ ಒಂದು ಪ್ರಯೋಗಾಲಯದಲ್ಲಿ ಇದ್ದ ವಿದ್ಯೆ ಇಂದು ಎಲ್ಲರ ಜೇಬಿಗೆ ಬಂದಿದೆ. ಬಾರಾಮತಿಯ ಕೃಷಿ ವಿಕಾಸ ಟ್ರಸ್ಟಿನವರು ಮೈಕ್ರೋಸಾಫ್ಟ್ ಕಂಪನಿಯೊಡನೆ ಸೇರಿ ಕಬ್ಬಿನಲ್ಲಿ ಇದನ್ನು ಪ್ರಯೋಗಿಸುತ್ತಿದ್ದಾರೆ, ಉಪಗ್ರಹದ ಚಿತ್ರ, ಮಣ್ಣಿನಲ್ಲಿ ಹೂತ ಸಂವೇದಕ, ಹವಾಮಾನದ ಯಂತ್ರ ಎಲ್ಲವನ್ನೂ ಕೂಡಿಸಿ. ಮಹಾರಾಷ್ಟ್ರ ಸರಕಾರ 2025ರ ಜೂನ್ ತಿಂಗಳಲ್ಲಿ ಕೃಷಿಗಾಗಿಯೇ ಕೃತಕ ಬುದ್ಧಿಮತ್ತೆಯ ಒಂದು ನೀತಿಯನ್ನು ಒಪ್ಪಿತು. ಹಣವೂ ಬರುತ್ತದೆ, ಮಾರುವವರೂ ಬರುತ್ತಾರೆ. ಈ ಯಂತ್ರಗಳಿಗೆ ಕಲಿಸಿದ ಎಲೆಗಳು, ಮಳೆಗಳು, ಮಣ್ಣುಗಳು ಎಲ್ಲಿಯವು ಎಂದು ಕೇಳುವ ಹಕ್ಕು ನಮಗಿದೆ. ಸಾಂಗ್ಲಿಯ ಹೆಸರಿನಲ್ಲಿ ಮಿರಜ, ವಾಳವಾ ಕಡೆಯ ಹೊಲದ ಲೆಕ್ಕ ಹೋಗಿ, ಮಳೆನೆರಳಿನ ನಮ್ಮ ಜತ್ತದ ಲೆಕ್ಕ ಹೋಗದಿದ್ದರೆ ಅದು ನಮಗೆ ಹೇಳುವುದೆಲ್ಲ ಪರರ ಹೊಲದ ಮಾತು.

ಆ ಭಾನುವಾರದ ಮರುವಾರ ಯುವಕನಿಗೆ ಎಲೆಯನ್ನೇ ತರಲು ಹೇಳಿದೆವು. ಬಿಸಿಲಿಗೆ ಹಿಡಿದು ನೋಡಿದಾಗ ಕಪ್ಪು ಚುಕ್ಕೆಯ ಸುತ್ತ ಎಣ್ಣೆ ಸೋರಿದಂಥ ಹೊಳೆಯುವ ಉಂಗುರ ಕಂಡಿತು. ಬರಿಯ ಶಿಲೀಂಧ್ರದ ಚುಕ್ಕೆಗೆ ಆ ಉಂಗುರ ಇರುವುದಿಲ್ಲ. ಹಣ್ಣಾದರೆ ಚುಕ್ಕೆಯ ಮೇಲೆ ಕವಲೊಡೆದ ಸೀಳು ನೋಡಬೇಕು. ಕೃಷಿ ಇಲಾಖೆಯವರಿಗೂ ತೋರಿಸಿದ. ತೇಲ್ಯಾ ಎಂದೇ ಅವರೂ ಹೇಳಿದರು. ಯಂತ್ರ ಎಲೆಯನ್ನು ಸರಿಯಾಗಿಯೇ ಓದಿತ್ತು. ಹೊಲವನ್ನು ಮಾತ್ರ ಓದಿರಲಿಲ್ಲ. ರೋಗ ಎಲ್ಲಿಂದ ಬಂತು, ಪಕ್ಕದ ತೋಟಕ್ಕೆ ಹೋಗಿದೆಯೋ ಇಲ್ಲವೋ, ಈ ಹಂಗಾಮಿನ ಯಾವ ಮಳೆಯ ಮೇಲೆ ಮೊದಲು ಕಂಡಿತು, ಅದಕ್ಕೆ ಯಾರೂ ಹೇಳಿಲ್ಲ.

ಹೇಳುವವರು ನಾವೇ. ತೇಲ್ಯಾ ಬಹುಮಟ್ಟಿಗೆ ಸಸಿಯ ಜೊತೆಯಲ್ಲೇ ಬರುತ್ತದೆ. ರೋಗದ ತೋಟದಿಂದ ಕಟ್ಟಿದ ಗೂಟಿ ನೋಡಲು ಹಸಿರಾಗಿಯೇ ಇರುತ್ತದೆ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ತೊಳೆಯದೆ ಒಯ್ದರೂ ಹರಡುತ್ತದೆ, ಮಳೆಯ ಹನಿ ಸಿಡಿದರೂ ಹರಡುತ್ತದೆ. ತಮ್ಮ ತೋಟಕ್ಕೆ ರೋಗ ಬಂದದ್ದನ್ನು ಹೇಳಿದರೆ ಗೂಟಿ ಮಾರಾಟವಾಗುವುದಿಲ್ಲ, ವ್ಯಾಪಾರಿ ಬೆಲೆ ಇಳಿಸುತ್ತಾನೆ ಎಂದು ಮುಚ್ಚಿಡುವವರು ನಮ್ಮಲ್ಲಿ ಬಹಳ. ಉಣ್ಣೆಹೇನಿನ ವರುಷ ಸೋಗೆಯ ಗಾಡಿಗಳ ವಿಷಯದಲ್ಲಿ ನಾವೆಲ್ಲ ಬಾಯಿ ಮುಚ್ಚಿಕೊಂಡಂತೆಯೇ ಇದು.

ಆದ್ದರಿಂದ ಗುರುನಿವಾಸದ ಜಗುಲಿಯ ಮೇಲೆ ಒಂದು ದಪ್ಪ ವಹಿ ಇಟ್ಟಿದ್ದೇವೆ. ಯಾವ ಧರ್ಮದವರೇ ಆಗಲಿ ಬಂದು ಬರೆಯಬಹುದು. ಕನ್ನಡದಲ್ಲಿ ಆಗಲಿ, ಮರಾಠಿಯಲ್ಲಿ ಆಗಲಿ. ಬರೆಯಲು ಬಾರದವರು ಹೇಳಿದರೆ ನಮ್ಮ ಉಪದೇಶಿಗಳು ಬರೆದುಕೊಳ್ಳುತ್ತಾರೆ. ಊರು, ಬೆಳೆ, ಮೊದಲು ಕಂಡ ತಾರೀಖು, ಅದರ ಹಿಂದಿನ ವಾರದ ಮಳೆ, ಹೊಡೆದ ಔಷಧಿ, ಸಸಿ ಅಥವಾ ಬೀಜ ಎಲ್ಲಿಂದ ತಂದದ್ದು. ಮಳೆ ಅಳೆಯುವ ಒಂದು ಡಬ್ಬಿಯನ್ನೂ ಶಾಲೆಯ ಮಾಳಿಗೆಯ ಮೇಲೆ ಕೂರಿಸಿದ್ದೇವೆ, ಏಳನೆಯ ಇಯತ್ತೆಯ ಹುಡುಗಿಯರು ದಿನವೂ ಬೆಳಿಗ್ಗೆ ಓದಿ ಬರೆಯುತ್ತಾರೆ. ಹಂಗಾಮು ಮುಗಿದ ಮೇಲೆ ವಹಿಯ ನಕಲನ್ನು ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರಕ್ಕೆ ಕಳಿಸುವ ವಿಚಾರವಿದೆ.

ಮೊದಲ ಹೆಸರು ನಮ್ಮ ಯುವಕನದೇ. ಊರು ಬರೆದ, ಬೆಳೆ ಬರೆದ, ತಾರೀಖು ಬರೆದ, ಮಳೆ ಬರೆದ, ಔಷಧಿಯ ಹೆಸರನ್ನು ಡಬ್ಬಿ ನೋಡಿ ಬರೆದ. ಕೊನೆಯ ಕಾಲಮಿಗೆ ಬಂದು ಪೆನ್ನು ನಿಲ್ಲಿಸಿದ. ಗೂಟಿ ತಂದದ್ದು ಅವನ ಸೋದರಮಾವನ ತೋಟದಿಂದ. "ಮಾವಗ ಒಂದ ಮಾತ ಕೇಳಿ ಬರೀತೇನ್ರಿ ಫಾದರ್" ಎಂದು ಹೇಳಿ ಹೋಗಿದ್ದಾನೆ.